ಎಸ್‌ಎ 5ಜಿಯೋ, ಎನ್‌ಎಸ್‌ಎ 5ಜಿಯೋ: ಎರಡು ಸಿಮ್ ಹಾಕಿ ನೋಡಿದ ಮೇಲೆ

ನನ್ನ ಆಯ್ಕೆ ಎಸ್‌ಎ, ಅಂದರೆ 4ಜಿಯ ಹಂಗಿಲ್ಲದೆ ತಾನೇ ನಡೆಯುವ 5ಜಿ. ಜಿಯೋ 2022ರಲ್ಲಿ ಶುರುವಿನಿಂದಲೇ ಹಿಡಿದದ್ದು ಈ ದಾರಿ. ಅದೇ ವರ್ಷ ಅಕ್ಟೋಬರ್ 1ರಂದು ಏರ್‌ಟೆಲ್ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ಆರಂಭಿಸಿದ್ದು ಎನ್‌ಎಸ್‌ಎ. ಇದರಲ್ಲಿ ಫೋನ್ ಮೊದಲು 4ಜಿಗೆ ನೋಂದಾಯಿಸಿಕೊಳ್ಳುತ್ತದೆ, ಡೇಟಾ ಓಡುವಾಗ 5ಜಿ ಅದರ ಜೊತೆ ಸೇರಿಕೊಳ್ಳುತ್ತದೆ.

ಬಯಲಲ್ಲಿ, ಟವರ್ ಹತ್ತಿರ, ಎರಡೂ ಒಂದೇ. ಇಬ್ಬರ 5ಜಿಯೂ ಅಲ್ಲಿ ಮುಖ್ಯವಾಗಿ ಓಡುವುದು 3300 ಮೆಗಾಹರ್ಟ್ಸ್‌ನ ಎನ್78 ಬ್ಯಾಂಡಿನಲ್ಲೇ. ಸ್ಪೀಡ್ ಟೆಸ್ಟ್ ಚಿತ್ರ ಹಿಡಿದು ಜಗಳವಾಡಿ ಪ್ರಯೋಜನವಿಲ್ಲ.

ವ್ಯತ್ಯಾಸ ಗೊತ್ತಾಗುವುದು ಮನೆಯೊಳಗೆ. ಎನ್78ರ ಅಲೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ತರಂಗಗುಚ್ಛವನ್ನು ದೇಶದ 22 ಟೆಲಿಕಾಂ ವಲಯಗಳಿಗೂ ಕೊಂಡದ್ದು ಜಿಯೋ ಒಂದೇ. ಎನ್28 ಎನ್ನುವುದು ಅದನ್ನೇ. ಅಗಲ ಕಡಿಮೆ, ಕಳಿಸಲು 10, ಪಡೆಯಲು 10 ಮೆಗಾಹರ್ಟ್ಸ್ ಅಷ್ಟೆ, ಹಾಗಾಗಿ ದೊಡ್ಡ ವೇಗ ಬರುವುದಿಲ್ಲ. ಆದರೆ ಒಳಕೋಣೆಯಲ್ಲೂ ಸಿಗ್ನಲ್ ನಿಲ್ಲುತ್ತದೆ. ವಿಡಿಯೋ ಮೀಟಿಂಗ್‌ಗೆ ನನಗೆ ಬೇಕಿರುವುದು ಅಷ್ಟೇ. ಎನ್‌ಎಸ್‌ಎಯಲ್ಲಿ ಇನ್ನೊಂದು ಮೋಸವಿದೆ. ಈ ಟವರಿನಲ್ಲಿ 5ಜಿ ಸಿಗಬಹುದು ಎಂದು 4ಜಿ ಸಾರಿದರೆ ಸಾಕು, ಎಷ್ಟೋ ಫೋನ್‌ಗಳು ಮೇಲೆ 5ಜಿ ಎಂದು ತೋರಿಸುತ್ತವೆ. ಒಳಗೆ ಹರಿಯುತ್ತಿರುವುದು 4ಜಿ ಡೇಟಾ ಆಗಿರಬಹುದು, ಅದು ದಿನದ ಕೋಟಾದಿಂದಲೇ ಕಳೆಯುತ್ತದೆ.

ಇನ್ನು ನನ್ನನ್ನು ಸಾಕುಬೇಕು ಮಾಡಿದ ವಿಷಯ. ಪೆಟ್ಟಿಗೆಯ ಮೇಲೆ 5ಜಿ ಎಂದಿದ್ದರೂ ಫೋನ್ ಎಸ್‌ಎಗೆ ತಯಾರಿರುತ್ತದೆ ಎಂದೇನೂ ಇಲ್ಲ. ಕೆಲವು ಮಾದರಿಗಳಲ್ಲಿ ಚಿಪ್ ಎಸ್‌ಎ ಬಲ್ಲದು, ತಯಾರಕರು ಸಾಫ್ಟ್‌ವೇರಿನಲ್ಲಿ ಅದನ್ನು ತೆರೆದಿರುವುದಿಲ್ಲ. ಅಪ್‌ಡೇಟ್ ಬರುವ ತನಕ ಎಸ್‌ಎ ಜಾಲದ ಸಿಮ್ ಹಾಕಿದರೆ ಬರೀ 4ಜಿ. ನಾನು ಕೊಂಡ ಫೋನಿನದು ಇದೇ ಪಾಡು. ಸಿಮ್ ಬದಲಿಸಿದರೂ ನೆಟ್‌ವರ್ಕ್ ರೀಸೆಟ್ ಮಾಡಿದರೂ ಫಲವಿಲ್ಲ, ತಪ್ಪು ಅಲ್ಲಿಲ್ಲವಲ್ಲ.

ಪತ್ತೆ ಹಚ್ಚುವ ದಾರಿ ಇದೆ. ಆಂಡ್ರಾಯ್ಡ್‌ನಲ್ಲಿ *#*#4636#*#* ಒತ್ತಿ, ಫೋನ್ ಇನ್ಫರ್ಮೇಶನ್ ತೆರೆದು, ನೆಟ್‌ವರ್ಕ್ ಬಗೆಯಲ್ಲಿ 'ಎನ್‌ಆರ್ ಓನ್ಲಿ' ಆರಿಸಿ (ಎನ್‌ಆರ್ ಎಂದರೆ 5ಜಿ). ಒಂದು ನಿಮಿಷ ಕಾಯಿರಿ. ಸಿಗ್ನಲ್ ಬಂದರೆ ಅಪ್ಪಟ ಎಸ್‌ಎ ಸಿಕ್ಕಿದೆ. ಕಡ್ಡಿ ಪೂರ್ತಿ ಹೋದರೆ ಆ ಜಾಗದಲ್ಲಿ ಎಸ್‌ಎ ಇಲ್ಲ, ಇಲ್ಲವೇ ಫೋನ್ ಒಪ್ಪುತ್ತಿಲ್ಲ. ಅದೇ ಸಿಮ್ಮನ್ನು ಎಸ್‌ಎ ಹಿಡಿಯುತ್ತಿರುವ ಬೇರೆ ಫೋನಿಗೆ ಹಾಕಿದರೆ ಯಾವುದೆಂದು ತಿಳಿಯುತ್ತದೆ. ನೋಡಿದ ಮೇಲೆ ಎನ್‌ಆರ್ ಜೊತೆ ಎಲ್‌ಟಿಇ, ಅಂದರೆ 4ಜಿ, ಇರುವ ಆಯ್ಕೆಗೆ ಮರಳಿಸಲೇಬೇಕು. ಮರೆತರೆ ಕರೆಗಳೇ ಬರದೆ ಹೋಗಬಹುದು. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಈ ಮೆನು ತೆರೆಯುವುದಿಲ್ಲ.

ಹೊಸದು ಕೊಳ್ಳುವವರು ತಯಾರಕರ ತಾಣದಲ್ಲಿ ಬ್ಯಾಂಡ್ ಪಟ್ಟಿಯನ್ನೇ ಓದಬೇಕು. ಎಷ್ಟೋ ಕಡೆ ಎಸ್‌ಎಗೆ ಒಂದು ಸಾಲು, ಎನ್‌ಎಸ್‌ಎಗೆ ಇನ್ನೊಂದು ಸಾಲು ಇರುತ್ತದೆ. ಎಸ್‌ಎ ಸಾಲಿನಲ್ಲಿ ಎನ್28 ಮತ್ತು ಎನ್78 ಎರಡೂ ಇರಬೇಕು. ಎನ್28 ಬಿಟ್ಟುಹೋಗಿದ್ದರೆ ಮೇಲೆ ಹೇಳಿದ ಒಳಕೋಣೆಯ ಲಾಭ ನಿಮಗಿಲ್ಲ. ಅಂಗಡಿಯವರ ಮಾತು ಇದಕ್ಕೆ ಸಾಲದು.

ಕರೆಯ ವಿಷಯದಲ್ಲಿ ಎನ್‌ಎಸ್‌ಎ ಗೆಲ್ಲುತ್ತದೆ. ಧ್ವನಿ 4ಜಿಯ ವೋಲ್ಟೆಯಲ್ಲಿ, ಡೇಟಾ 5ಜಿಯಲ್ಲಿ, ಎರಡೂ ಒಟ್ಟಿಗೆ. ಎಸ್‌ಎಯಲ್ಲಿ ಫೋನಿಗೆ ವಿಒಎನ್‌ಆರ್, ಅಂದರೆ 5ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಇಲ್ಲದಿದ್ದರೆ ಕರೆ ಬಂದ ಕೂಡಲೇ ಇಡೀ ಸಂಪರ್ಕ 4ಜಿಗೆ ಇಳಿಯುತ್ತದೆ, ಕರೆ ಮುಗಿದ ಮೇಲೆ ಮತ್ತೆ ಹತ್ತುತ್ತದೆ. ಹಾಟ್‌ಸ್ಪಾಟ್‌ನಲ್ಲಿ ಲ್ಯಾಪ್‌ಟಾಪ್ ಇದ್ದರೆ ಆ ಇಳಿತ ಗೊತ್ತಾಗುತ್ತದೆ. ಸಿಮ್ ಸೆಟ್ಟಿಂಗ್‌ನಲ್ಲಿ ವಿಒಎನ್‌ಆರ್ ಸ್ವಿಚ್ ಇದ್ದರೆ ಹಾಕಿಡಿ.

ಬ್ಯಾಟರಿ: ಎನ್‌ಎಸ್‌ಎಯಲ್ಲಿ ಎರಡು ರೇಡಿಯೋ ಒಟ್ಟಿಗೆ ದುಡಿಯುವುದರಿಂದ ಖರ್ಚು ಸ್ವಲ್ಪ ಜಾಸ್ತಿ.

ಸಿಮ್: ಇಬ್ಬರಲ್ಲೂ 4ಜಿ ಸಿಮ್ಮೇ ಸಾಕು.

ಹಣದ ಲೆಕ್ಕ. 2024ರ ಜುಲೈ 3ರ ಏರಿಕೆಯ ನಂತರ ಅನಿಯಮಿತ 5ಜಿ ಸಿಕ್ಕಿದ್ದು ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಪ್ಲಾನ್‌ಗಳಿಗೆ. ಆಗ ಜಿಯೋದಲ್ಲಿ 28 ದಿನಕ್ಕೆ 349 ರೂಪಾಯಿ, ಏರ್‌ಟೆಲ್‌ನಲ್ಲಿ ಒಂದು ತಿಂಗಳಿಗೆ 379. ದಿನದ ಲೆಕ್ಕಕ್ಕೆ ಹೆಚ್ಚು ಅಂತರವಿಲ್ಲ. ಪೆಟ್ಟು ಬೀಳುವುದು ಫೋನ್ ಬದಲಿಸಬೇಕಾದಾಗ.

ದಿನವಿಡೀ ಮನೆಯೊಳಗೆ ಕೂತು ಕೆಲಸ, ಮನೆಗೆ ಫೈಬರ್ ಇಲ್ಲ, ಫೋನ್ ಹೇಗೂ ಹೊಸದು ಬೇಕು ಎನ್ನುವ ನನ್ನಂಥವರಿಗೆ ಎಸ್‌ಎ. ಎಸ್‌ಎ ತೆರೆಯದ ಹಳೆಯ 5ಜಿ ಫೋನನ್ನೇ ಇನ್ನೆರಡು ವರ್ಷ ನಡೆಸುವವರು, ಹೊರಗೇ ತಿರುಗುವವರು ಎನ್‌ಎಸ್‌ಎಯಲ್ಲೇ ಇರಲಿ. ಪೋರ್ಟ್ ಮಾಡುವ ಮುನ್ನ ಮಾತ್ರ, ಅನಿಯಮಿತ 5ಜಿ ಪ್ಲಾನ್ ಇರುವ ಪರಿಚಿತರ ಸಿಮ್ಮನ್ನು ಒಂದು ಗಂಟೆ ಇಸಿದುಕೊಂಡು, ನಿಮ್ಮದೇ ಫೋನಿಗೆ ಹಾಕಿ, ನೀವು ಹೆಚ್ಚು ಕೂರುವ ಕೋಣೆಯ ಬಾಗಿಲು ಮುಚ್ಚಿ ನೋಡಿ. ಒಮ್ಮೆ ಪೋರ್ಟ್ ಆದರೆ ಮತ್ತೆ ಬದಲಿಸಲು 90 ದಿನ ಕಾಯಬೇಕು.