ಪುಕ್ಕಟೆ ಫೋಟೊ ಡೌನ್‌ಲೋಡ್ ಎಕ್ಸ್‌ಟೆನ್ಷನ್ ಹಾಕುವ ಮುಂಚೆ ಇದನ್ನು ಓದಿ

ವೆಬ್ ಪುಟದಲ್ಲಿರುವ ಫೋಟೊಗಳನ್ನೆಲ್ಲ ಒಂದೇ ಕ್ಲಿಕ್‌ಗೆ ಡೌನ್‌ಲೋಡ್ ಮಾಡಿಕೊಡುತ್ತೇವೆ, ಅದೂ ಪುಕ್ಕಟೆ, ಅಂತ ಹೇಳುವ ಎಕ್ಸ್‌ಟೆನ್ಷನ್‌ಗಳಿವೆ (ಕ್ರೋಮ್‌ನಂಥ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಅಲ್ವಾ? ಹುಷಾರಾಗಿರಿ. ದುಡ್ಡೂ ಹೋಯಿತು, ಗಿರಾಕಿ ಮುಂದೆ ಮಾನವೂ ಹೋಯಿತು. ಇನ್ನೂ ಸಿಟ್ಟು ಇಳಿದಿಲ್ಲ.

ನಮ್ಮದು ಇಳಕಲ್‌ನಲ್ಲಿ ಸೀರೆ ಅಂಗಡಿ. ಹಳೆ ವೆಬ್‌ಸೈಟಿನಲ್ಲಿ ನಮ್ಮದೇ ಸೀರೆಗಳ ಫೋಟೊ ನೂರಾರು ಇವೆ. ಸೈಟ್ ಮಾಡಿಕೊಟ್ಟವನು ಈಗ ಫೋನ್ ಎತ್ತುವುದಿಲ್ಲ. ಫೋಟೊ ತೆಗೆದಿದ್ದ ಮೊಬೈಲ್ ಯಾವಾಗಲೋ ಕೆಟ್ಟಿದೆ. ಹೋಸ್ಟಿಂಗ್ (ಸೈಟ್ ಇಟ್ಟ ಜಾಗದ ಬಾಡಿಗೆ) ಮುಗಿಯುವುದರೊಳಗೆ ಎಲ್ಲವನ್ನೂ ತೆಗೆದು ವಾಟ್ಸ್‌ಆ್ಯಪ್ ಕ್ಯಾಟಲಾಗ್‌ಗೆ ಹಾಕಬೇಕಿತ್ತು.

ಎಕ್ಸ್‌ಟೆನ್ಷನ್ ಹಾಕಿದೆ. ಬಟನ್ ಒತ್ತಿದೆ. ಲೆಕ್ಕ ಸರಸರ ಏರಿತು, ಜಿಪ್ ಫೈಲ್ ಬಂತು. ಕೆಲಸ ಮುಗೀತು ಅಂತ ವಿಜಯಪುರದ ಗಿರಾಕಿ ಅಕ್ಕಾರಿಗೆ ಒಂದಿಷ್ಟು ಕಳಿಸಿಯೇ ಬಿಟ್ಟೆ. ಅವರು ತಕ್ಷಣ ಫೋನ್ ಮಾಡಿದರು: "ಅಣ್ಣಾರ, ಇದು ಚಿಕ್ಕಿಪರಾಸೋ ಗೋಮಿನೋ? ಅಂಚೇ ಕಾಣವಲ್ದು. ಸೀರಿ ತೋರಸ್ತೀರೋ, ಮಂಜು ತೋರಸ್ತೀರೋ?" (ಚಿಕ್ಕಿಪರಾಸ್, ಗೋಮಿ ಎರಡೂ ನಮ್ಮ ಸೀರೆಯ ಅಂಚಿನ ನಮೂನೆಗಳು.)

ತೆಗೆದು ನೋಡಿದರೆ ಎಲ್ಲಾ 150 × 150 ಪಿಕ್ಸೆಲ್! ಉಗುರಿನಷ್ಟು ಫೋಟೊ. ನಮ್ಮದು ವರ್ಡ್‌ಪ್ರೆಸ್ ಎನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸೈಟು. ನಾವು ಹಾಕಿದ ಒಂದೊಂದು ಫೋಟೊಗೂ ಅದು ತಾನೇ ಸಣ್ಣ ಪ್ರತಿಗಳನ್ನು ಮಾಡಿಡುತ್ತದೆ. ಪಟ್ಟಿಯ ಪುಟದಲ್ಲಿ ಕಾಣುತ್ತಿದ್ದದ್ದು ಆ ಸಣ್ಣ ಪ್ರತಿ. ಎಕ್ಸ್‌ಟೆನ್ಷನ್ ಕಣ್ಣಿಗೆ ಕಂಡದ್ದನ್ನಷ್ಟೇ ಬಾಚಿಕೊಂಡಿದೆ. ಕೆಳಗಿನ ಫೋಟೊಗಳು ಸ್ಕ್ರಾಲ್ ಮಾಡಿದರೆ ಮಾತ್ರ ಲೋಡ್ ಆಗುತ್ತವೆ, ಹಾಗಾಗಿ ಅವು ಬಂದೇ ಇಲ್ಲ. ಲೆಕ್ಕ ಏರಿದ್ದು ಯಾವುದರಿಂದ ಗೊತ್ತಾ? ಫೇಸ್‌ಬುಕ್ ಐಕಾನ್, ವಾಟ್ಸ್‌ಆ್ಯಪ್ ಐಕಾನ್, ಖರೀದಿ ಬುಟ್ಟಿಯ ಐಕಾನ್. ಅವನ್ನೂ ಫೋಟೊ ಅಂತ ಎಣಿಸಿದ್ದಾರೆ ಪುಣ್ಯಾತ್ಮರು.

ಅಲ್ಲೇ ಒಂದು ಹಳದಿ ಬಟನ್, 'ಎಚ್‌ಡಿ ಬೇಕೇ?' ಅಂತ. ತಿಂಗಳಿಗೆ 5 ಡಾಲರ್. ಸರಿ, ಅರ್ಜೆಂಟ್ ಇದೆ ಅಂತ ಕಾರ್ಡ್ ನಂಬರ್ ಕೊಟ್ಟೆ. ಕಟ್ ಆಗಿದ್ದು 60 ಡಾಲರ್! ವರ್ಷದ್ದು ಒಟ್ಟಿಗೆ. ಆ ಮಾತು ಕೆಳಗೆ ತಿಳಿ ಬೂದು ಬಣ್ಣದಲ್ಲಿ, ಇರುವೆ ಸಾಲಿನ ಹಾಗೆ ಬರೆದಿತ್ತು.

ಹೋಗಲಿ, ಎಚ್‌ಡಿ ಆದರೂ ಬಂತಾ? ಅದೇ ಸಣ್ಣ ಫೋಟೊವನ್ನು ಎಳೆದು ದೊಡ್ಡದು ಮಾಡಿದ್ದಾರೆ ಅಷ್ಟೇ. ಟೋಪ್‌ತೆನೆ ಎನ್ನುವ ನಮೂನೆಯ ಸೆರಗಿನ ಬಿಳಿ ಹಣಿಗೆ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡು ಬರೀ ಬಿಳಿ ಕಲೆಯಾಗಿವೆ. ಮೊದಲು ಸಣ್ಣದಾಗಿ ಮಸುಕಿತ್ತು, 60 ಡಾಲರ್ ಕೊಟ್ಟ ಮೇಲೆ ದೊಡ್ಡದಾಗಿ ಮಸುಕು. ಮೈಯೆಲ್ಲ ಉರಿದುಹೋಯಿತು.

ಮೇಲ್ ಹಾಕಿದೆ. ಉತ್ತರ: "ಮಾನ್ಯ ಗ್ರಾಹಕರೇ, ಕ್ಯಾಶೆ ತೆರವು ಮಾಡಿ ಮತ್ತೆ ಪ್ರಯತ್ನಿಸಿ." ಕ್ಯಾಶೆ, ಅಂದರೆ ಬ್ರೌಸರ್ ಕೂಡಿಟ್ಟುಕೊಂಡ ಹಳೆ ಫೈಲ್‌ಗಳನ್ನು ಅಳಿಸಿದೆ, ಏನೂ ಬದಲಾಗಲಿಲ್ಲ. ಮತ್ತೆ ಬರೆದೆ. "ಚಿತ್ರದ ಗುಣಮಟ್ಟ ವೆಬ್‌ಸೈಟ್‌ನ ಜವಾಬ್ದಾರಿ, ನಮ್ಮದಲ್ಲ." ಹಾಗಾದರೆ ಎಚ್‌ಡಿ ಅಂತ ದುಡ್ಡು ಯಾಕೆ ತಗೊಂಡ್ರಿ? ಅದಕ್ಕೆ ಉತ್ತರವೇ ಇಲ್ಲ. ದುಡ್ಡು ವಾಪಸ್ ಕೊಡಿ ಅಂದಾಗ ಮಾತ್ರ ಬೇಗ ಉತ್ತರ ಬಂತು: "ನೀವು ಈಗಾಗಲೇ ಡೌನ್‌ಲೋಡ್ ಮಾಡಿರುವುದರಿಂದ ಸೇವೆ ಪೂರ್ಣಗೊಂಡಿದೆ." ಐಕಾನ್ ಡೌನ್‌ಲೋಡ್ ಮಾಡಿದ್ದೂ ಸೇವೆಯಂತೆ! ಜೊತೆಗೆ ಮುಂದಿನ ವರ್ಷಕ್ಕೆ ಶೇ 20 ರಿಯಾಯಿತಿ ಬೇರೆ.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಅಣ್ಣನ ಮಗ ಕಂಪ್ಯೂಟರ್ ಮುಂದೆ ಕೂತವನು, "ಕಾಕಾ, ಗೂಗಲ್‌ನಾಗ ಹುಡುಕಿದ್ರ ಬ್ಯಾರೇ ಪೇಜ್ ಯಾಕ ತೆರೀತೈತಿ?" ಅಂದ. ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿದ. ಇದೇ ಕಳ್ಳ. ಹಾಕುವಾಗಲೇ 'ಎಲ್ಲಾ ವೆಬ್‌ಸೈಟ್‌ಗಳಲ್ಲಿನ ನಿಮ್ಮ ಡೇಟಾ ಓದಲು, ಬದಲಾಯಿಸಲು' ಅನುಮತಿ ತಗೊಂಡಿರುತ್ತದೆ. ಆಮೇಲೆ ಅಪ್‌ಡೇಟ್‌ನಲ್ಲಿ ಆ ಅನುಮತಿಯೊಳಗೆ ಏನು ಸೇರಿಸಿದರೂ ಕ್ರೋಮ್ ಹೊಸದಾಗಿ ಕೇಳುವುದಿಲ್ಲ. ಅದೇ ಬ್ರೌಸರ್‌ನಲ್ಲಿ ಅಂಗಡಿಯ ಬ್ಯಾಂಕ್ ಖಾತೆ ತೆರೆಯುತ್ತೇವೆ, ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. 'ದಿ ಗ್ರೇಟ್ ಸಸ್ಪೆಂಡರ್' ಎನ್ನುವ ಹೆಸರುವಾಸಿ ಎಕ್ಸ್‌ಟೆನ್ಷನ್ 2020ರಲ್ಲಿ ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಅಂತ ಕಿತ್ತುಹಾಕಿತು. ಅಷ್ಟು ಜನ ನಂಬಿದ್ದಕ್ಕೇ ಹಾಗಾದರೆ ಇಂಥವುಗಳ ಗತಿ?

ಕಿತ್ತು ಬಿಸಾಕಿದೆ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದೆ. ಫೋಟೊ ಸಿಕ್ಕಿದ್ದು ಹೇಗೆ ಅಂದರೆ, ಹುಡುಗ ಫೋಟೊದ ವಿಳಾಸದ ಕೊನೆಯಲ್ಲಿದ್ದ '-150x150' ಅಳಿಸಿದ. ದೊಡ್ಡ ಫೋಟೊ ಟಕ್ ಅಂತ ತೆರೆಯಿತು. ಪುಕ್ಕಟೆ! ದೊಡ್ಡ ಫೋಟೊಗಳೇ ಇರುವ ಪುಟವಾದರೆ ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಐ ಒತ್ತಿ, ಮೀಡಿಯಾ ಟ್ಯಾಬ್‌ನಲ್ಲಿ ಎಲ್ಲಾ ಆರಿಸಿ ಸೇವ್ ಮಾಡಬಹುದು. ಯಾವ ಎಕ್ಸ್‌ಟೆನ್ಷನ್ನೂ ಬೇಡ. ಹಾಕಲೇಬೇಕು ಅಂದರೆ ಅದರ ಸೆಟ್ಟಿಂಗ್‌ನಲ್ಲಿ 'ಕ್ಲಿಕ್ ಮಾಡಿದಾಗ ಮಾತ್ರ' ಅಂತ ಇಡಿ, ಕೆಲಸ ಆದ ಕೂಡಲೇ ತೆಗೆಯಿರಿ. ಕಾರ್ಡ್ ನಂಬರ್ ಮಾತ್ರ ಸುಮ್ನೆ ಕೊಡಬೇಡಿ.

ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವ್ಯವಹಾರ ಬಂದ್ ಮಾಡಿ ದೂರು ಕೊಟ್ಟಿದ್ದೇನೆ. "ಎದುರು ಪಾರ್ಟಿ ಉತ್ತರ ಬರಬೇಕು ಸರ್" ಅನ್ನುತ್ತಿದ್ದಾರೆ. ದೂರು ಕೊಟ್ಟ ಮೇಲೆ ಎದುರು ಪಾರ್ಟಿಯಿಂದ ನನಗೆ ಬಂದದ್ದು ಒಂದೇ ಮೇಲ್: ಐದು ಸ್ಟಾರ್ ರೇಟಿಂಗ್ ಕೊಡಬೇಕಂತೆ.