ಕೂದಲು ಪಾಚಿಗೆ ಜಿಎಫ್‌ಓ: ಕೆಲಸ ಮಾಡುತ್ತೆ, ಆತುರಕ್ಕಲ್ಲ

ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನಲ್ಲಿ ಕೂದಲು ಪಾಚಿ ಎಷ್ಟು ಕಿತ್ತರೂ ವಾರದೊಳಗೆ ಮತ್ತೆ ಹಬ್ಬುತ್ತಿದ್ದರೆ ಜಿಎಫ್‌ಓ, ಅಂದರೆ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪಾಚಿನಾಶಕ ಅಂದುಕೊಂಡು ತಂದರೆ ಮಾತ್ರ ನಿರಾಸೆಯೇ. ಇದು ಪಾಚಿಯನ್ನು ಕೊಲ್ಲುವುದಿಲ್ಲ, ಅದರ ಊಟ ಕಿತ್ತುಕೊಳ್ಳುತ್ತೆ, ಅಷ್ಟೇ.

ಡಬ್ಬಿ ಮೇಲಿನ ಪೂರ್ತಿ ಡೋಸ್ ಮೊದಲ ದಿನವೇ ಬೇಡ, ಅರ್ಧದಿಂದ ಶುರು ಮಾಡಿ. ಆರ್‌ಓ ನೀರಲ್ಲಿ ತೊಳೆದಾಗ ಕೆಮ್ಮಣ್ಣಿನಂಥ ಬಗ್ಗಡ ಬರುತ್ತೆ; ತಿಳಿಯಾಗುವವರೆಗೂ ಬಿಡಬೇಡಿ. ರಿಯಾಕ್ಟರ್‌ನಲ್ಲಿ, ಅಂದರೆ ಹರಳು ತುಂಬಿ ಪಂಪ್‌ನಿಂದ ನೀರು ಹಾಯಿಸುವ ಕೊಳವೆಯಲ್ಲಿ, ಹರಳಿನ ಮೇಲ್ಪದರ ಮಾತ್ರ, ಎಸರು ಕುದಿ ಹತ್ತುವ ಮುಂಚೆ ಅಲುಗಾಡುವ ಹಾಗೆ, ಮೆಲ್ಲಗೆ ಅಲುಗಬೇಕು. ಪಂಪ್ ಜೋರಾದರೆ ಹರಳು ಉಜ್ಜಿ ಪುಡಿಯಾಗಿ ಟ್ಯಾಂಕೆಲ್ಲ ಕೆಂಪು. ಹರಿವು ತೀರಾ ಕಡಿಮೆಯಾದರೆ ಹೆಂಟೆ ಕಟ್ಟುತ್ತೆ.

ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ನಿಂತರೆ ಸಾಕು. ಸೊನ್ನೆಗೆ ಇಳಿಸಿದರೆ ಹವಳ ಬಿಳಿಚಿಕೊಳ್ಳುತ್ತೆ, ಖಾಲಿಯಾದ ಜಾಗಕ್ಕೆ ಡೈನೋ (ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆಯಂಥ ಸೂಕ್ಷ್ಮಜೀವಿ) ಬಂದು ಕೂರಬಹುದು. ಅದರ ಮುಂದೆ ಕೂದಲು ಪಾಚಿಯೇ ವಾಸಿ. ಫಾಸ್ಫೇಟ್ ಅಳೆಯುವ ಕಿಟ್ ಸೊನ್ನೆ ತೋರಿಸಿಯೂ ಕಲ್ಲು ಹಸಿರಾಗೇ ಇದೆಯಾ? ಫಾಸ್ಫೇಟ್ ಪಾಚಿಯ ಹೊಟ್ಟೆಯಲ್ಲಿರಬಹುದು. ಹಳೇ ಟೂತ್‌ಬ್ರಷ್‌ನಿಂದ ಉಜ್ಜುತ್ತಲೇ ಸೈಫನ್‌ನಲ್ಲಿ ಹೊರಗೆಳೆಯಿರಿ.

ಮೈಸೂರಿನಲ್ಲಿ ಕಾವೇರಿ ನಲ್ಲಿ ನೀರನ್ನೋ ಬೋರ್ ನೀರನ್ನೋ ನೇರ ಸುರಿಯುವವರು ಜಿಎಫ್‌ಓಗೆ ದುಡ್ಡು ಹಾಕುವ ಮುಂಚೆ ನೀರು ಸರಿಮಾಡಿಕೊಳ್ಳಿ. ಅಡುಗೆಮನೆಯ ಆರ್‌ಓ ಸಾಲದು: ಅದರ ಮಿನರಲ್ ಕಾರ್ಟ್ರಿಜ್ ತಪ್ಪಿಸಿ, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) ವಾಲ್ವ್ ಮುಚ್ಚಿ, ಕೊನೆಗೆ ಡಿಐ ರೆಸಿನ್, ಅಂದರೆ ಉಳಿದ ಲವಣ ಹೀರುವ ಮಣಿಗಳನ್ನು, ಜೋಡಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. ರಿಯಾಕ್ಟರ್‌ನಿಂದ ಹೊರಬರುವ ನೀರಿನಲ್ಲೂ ಟ್ಯಾಂಕಿನಷ್ಟೇ ಫಾಸ್ಫೇಟ್ ಕಂಡ ದಿನ ಹರಳು ಬದಲಿಸಿ.