ಹೋಟೆಲ್ ಗಲ್ಲಾಕ್ಕೆ ಲಿನಕ್ಸ್ ಮಿಂಟ್: ಗ್ರೂಪ್ ವ್ಯವಸ್ಥೆಯ ವಿಮರ್ಶೆ

ಬೆಳಗಿನ ಪಾಳಿಯ ಗಲ್ಲಾದವರು, ಸಂಜೆಯ ಪಾಳಿಯವರು, ತಿಂಗಳಿಗೊಮ್ಮೆ ಬಂದು ಕೂರುವ ಲೆಕ್ಕದವರು. ಮೂವರಿಗೂ ಕಂಪ್ಯೂಟರ್ ಒಂದೇ. ಮಾಟುಂಗಾದ ಉಡುಪಿ ಹೋಟೆಲಿನಂಥ ಕಡೆ ಲಿನಕ್ಸ್ ಮಿಂಟ್ ಸಿನಮನ್ (ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಧಾರಾಳವಾಗಿ ಹಾಕಬಹುದು. ಆದರೆ ಮೂವರಿಗೂ ಒಂದೇ ಪಾಸ್‌ವರ್ಡ್ ಕೊಟ್ಟರೆ ಅದರ ಅರ್ಧ ಗುಣ ಹಾಳು.

ಇದರ 'ಯೂಸರ್ಸ್ ಆಂಡ್ ಗ್ರೂಪ್ಸ್' ಕಿಟಕಿ ನಿಜಕ್ಕೂ ಚೆನ್ನಾಗಿದೆ. ಮೊದಲು ಗ್ರೂಪ್ಸ್ ಭಾಗದಲ್ಲಿ 'ಲೆಕ್ಕ' ಎಂಬ ಗುಂಪು ಮಾಡಿ (ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ), ಆಮೇಲೆ ಮೂವರ ಹೆಸರಿಗೂ ಅದರ ಟಿಕ್ ಹಾಕಿ. ಅಡ್ಮಿನಿಸ್ಟ್ರೇಟರ್ ಮಾಲೀಕರೊಬ್ಬರೇ ಸಾಕು. ಇದೇ ಕೆಲಸವನ್ನು ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಯೂಸರ್‌ಮಾಡ್ -ಎಜಿ (usermod -aG) ಎಂದು ಮಾಡುವಾಗ 'ಎ' ಬಿಟ್ಟುಹೋದರೆ ಆ ವ್ಯಕ್ತಿ ಸುಡೋ (ಅಡ್ಮಿನಿಸ್ಟ್ರೇಟರ್ ಹಕ್ಕಿನ ಗುಂಪು) ಸೇರಿ ಉಳಿದೆಲ್ಲ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತಾನೆ. ಟಿಕ್ ಹಾಕುವಲ್ಲಿ ಆ ಅಪಾಯವಿಲ್ಲ. ಹೊಸ ಗುಂಪು ಜಾರಿಗೆ ಬರಲು ಒಮ್ಮೆ ಲಾಗೌಟ್ ಆಗಿ ಮತ್ತೆ ಬರಬೇಕು.

ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಈ ಕಿಟಕಿ ಫೋಲ್ಡರನ್ನು ಮುಟ್ಟುವುದೇ ಇಲ್ಲ. ಟರ್ಮಿನಲ್‌ನಲ್ಲೇ /ಎಸ್‌ಆರ್‌ವಿ (/srv) ಒಳಗೆ ಹಂಚಿಕೆಯ ಫೋಲ್ಡರ್ ಮಾಡಿ, ಗುಂಪು ಬದಲಿಸುವ ಸಿಎಚ್‌ಜಿಆರ್‌ಪಿ (chgrp) ಆಜ್ಞೆಯಿಂದ 'ಲೆಕ್ಕ' ಗುಂಪಿಗೆ ಒಪ್ಪಿಸಿ, ಹಕ್ಕು ನಿಗದಿ ಮಾಡುವ ಸಿಎಚ್‌ಮಾಡ್ (chmod) 2770 ಕೊಡಬೇಕು. ಕೊನೆಯ ಮೂರು ಅಂಕಿ ಕ್ರಮವಾಗಿ ಒಡೆಯರಿಗೆ, ಗುಂಪಿಗೆ, ಉಳಿದವರಿಗೆ: 7 ಎಂದರೆ ಪೂರ್ಣ ಹಕ್ಕು, 0 ಎಂದರೆ ಏನೂ ಇಲ್ಲ. ಮೊದಲಿನ ಆ 2 ಇದ್ದರೆ ಒಳಗೆ ಹುಟ್ಟುವ ಪ್ರತಿ ಫೈಲೂ ತಾನಾಗಿ 'ಲೆಕ್ಕ' ಗುಂಪಿನದಾಗುತ್ತದೆ. ಅದಿಲ್ಲದೆ ಬರೀ 770 ಕೊಟ್ಟರೆ ಬೆಳಗಿನವರ ಹಾಳೆಯನ್ನು ಸಂಜೆಯವರು ತಿದ್ದಲಾರರು. ಆಗ ಯಾರೋ ಬಂದು 777 ಹೊಡೆದುಹೋಗುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ: ಆ ಯಂತ್ರದಲ್ಲಿ ಲಾಗಿನ್ ಇರುವ ಯಾರು ಬೇಕಾದರೂ ಲೆಕ್ಕ ಅಳಿಸಬಹುದು. ಫೈಲ್ ಅಳಿಸುವ ಹಕ್ಕು ಫೈಲಿನದಲ್ಲ, ಅದು ಕೂತಿರುವ ಫೋಲ್ಡರಿನದು. ಒಬ್ಬರ ಫೈಲನ್ನು ಗುಂಪಿನ ಇನ್ನೊಬ್ಬರು ಅಳಿಸಬಾರದೆಂದರೆ 3770 ಕೊಡಿ (2ರ ಜೊತೆ ಈ ತಡೆಯ 1 ಸೇರಿ ಮೊದಲಿನ ಅಂಕಿ 3).

ಇಷ್ಟಾದರೂ ಎರಡು ಕಡೆ ಎಡವುತ್ತದೆ. ಡೆಸ್ಕ್‌ಟಾಪಿನಿಂದ ಕಟ್ ಮಾಡಿ ತಂದ ಫೈಲ್ ಹಳೆಯ ಗುಂಪನ್ನೇ ಹೊತ್ತು ಬರುತ್ತದೆ. ಕಾಪಿ ಮಾಡಿದರೆ ಹೊಸದು ಹುಟ್ಟುವುದರಿಂದ ಸರಿಹೋಗುತ್ತದೆ. ಇನ್ನು ಟರ್ಮಿನಲ್‌ನಲ್ಲಿ ಯೂಮಾಸ್ಕ್ (umask) ಎಂದು ಟೈಪ್ ಮಾಡಿ ನೋಡಿ; ಹೊಸ ಫೈಲಿನಲ್ಲಿ ಯಾವ ಹಕ್ಕು ಕಡಿತವಾಗುತ್ತದೆಂದು ಅದು ಹೇಳುತ್ತದೆ. 0002 ಬಂದರೆ ಸರಿ. 0022 ಬಂದರೆ ಗುಂಪಿಗೆ ಓದಲು ಸಿಗುತ್ತದೆ, ಬರೆಯಲು ಸಿಗುವುದಿಲ್ಲ.

ಬಿಲ್ ಪ್ರಿಂಟರ್ ಕಪ್ಸ್ (CUPS, ಲಿನಕ್ಸಿನ ಮಾಮೂಲಿ ಮುದ್ರಣ ವ್ಯವಸ್ಥೆ) ಮೂಲಕ ಓಡಿದರೆ ಗುಂಪಿನ ಗೊಡವೆಯಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ನೇರವಾಗಿ ಪ್ರಿಂಟರಿನ /ಡೆವ್/ಯುಎಸ್‌ಬಿ/ಎಲ್‌ಪಿ0 (/dev/usb/lp0) ಗೆ ಬರೆಯುವುದಾದರೆ ಗಲ್ಲಾದವರಿಗೆ ಎಲ್‌ಪಿ ಗುಂಪಿನ ಟಿಕ್ಕೂ ಬೇಕು.

ಮಿಂಟ್ ಮತ್ತೆ ಹಾಕುವ ದಿನ ಬಂದರೆ ಬಳಕೆದಾರರನ್ನು ಹಿಂದಿನ ಕ್ರಮದಲ್ಲೇ ಸೃಷ್ಟಿಸಿ. ಡಿಸ್ಕಿನಲ್ಲಿ ಉಳಿಯುವುದು ಹೆಸರಲ್ಲ, ಸಂಖ್ಯೆ: ಮೊದಲನೆಯವರು 1000, ಆಮೇಲೆ 1001, 1002. ಕ್ರಮ ತಪ್ಪಿದರೆ ಬೆಳಗಿನವರ ಫೈಲುಗಳೆಲ್ಲ ಸಂಜೆಯವರ ಹೆಸರಲ್ಲಿ ಕಾಣುತ್ತವೆ. ಹಳೆಯದನ್ನು ಅಳಿಸುವ ಮೊದಲೇ ಟರ್ಮಿನಲ್‌ನಲ್ಲಿ ಎಲ್‌ಎಸ್ -ಎಲ್‌ಎನ್ (ls -ln) ಕೊಟ್ಟು ಆ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.